ಓದಿದ್ದೂ ಮರ್ತೋಗತ್ತೆ, ನೋಡಿದ್ದೂ ಮರ್ತೋಗತ್ತೆ, ಹಾಗಾದ್ರೆ ಬರೆದಿಡೋದು ಏನನ್ನ?

ಪ್ರಶ್ನೆ: ನನಗೆ ನಲವತ್ತಾರು ವರ್ಷ. ವರ್ಷಕ್ಕೆ ಇಪ್ಪತ್ತು ಪುಸ್ತಕ ಆದ್ರೂ ಓದ್ತೀನಿ, ಎರಡು ಮೂರು ಕಡೆ ಸುತ್ತಾಡ್ತೀನಿ, ಫೋನಲ್ಲಿ ಸಾವಿರಗಟ್ಟಲೆ ಫೋಟೋ ಇದೆ. ಆದ್ರೆ ಮೊನ್ನೆ ಫ್ರೆಂಡ್ ಒಬ್ಬಳು ಎರಡು ವರ್ಷದ ಹಿಂದೆ ನಾನೇ ಕೊಂಡಾಡಿದ್ದ ಕಾದಂಬರಿ ಬಗ್ಗೆ ಕೇಳಿದಾಗ 'ತುಂಬಾ ಚೆನ್ನಾಗಿತ್ತು' ಅನ್ನೋದು ಬಿಟ್ಟು ಬಾಯಿಂದ ಒಂದು ಮಾತು ಬರಲಿಲ್ಲ, ನಾಯಕಿ ಹೆಸರು ಕೂಡ ಇಲ್ಲ. ಬರೆದಿಡೋಣ ಅಂತ ಕೂತ್ರೆ ಪುಸ್ತಕದ್ದು ಕಥೆ ಸಾರಾಂಶ ಆಗತ್ತೆ, ಪ್ರವಾಸದ್ದು ಬಸ್ ಟೈಮ್‌ಟೇಬಲ್ ಥರ ಆಗತ್ತೆ, ಡೈರಿ ಅಂತೂ ಮೂರನೇ ದಿನಕ್ಕೆ ನಿಂತೋಗತ್ತೆ. ನನ್ನ ನೆನಪಿನ ಶಕ್ತಿಗೆ ಏನಾದ್ರೂ ಆಗಿದ್ಯಾ? ಇಲ್ಲ ಅಂದ್ರೆ ಇದನ್ನೆಲ್ಲ ಹೇಗೆ ಬರೀಬೇಕು?

ಉತ್ತರ: ಮೊದ್ಲು ಭಯದ ವಿಷ್ಯ ಮುಗಿಸಿಬಿಡೋಣ. ಯಾವ ಪುಸ್ತಕ, ಯಾವಾಗ ಓದಿದ್ದು, ಯಾರ ಮುಂದೆ ಕೊಂಡಾಡಿದ್ದು, ಮೊನ್ನೆ ಯಾರು ಕೇಳಿದ್ದು, ಇಷ್ಟೂ ನೆನಪಿದೆ ನಿಮಗೆ, ಹೋಗಿರೋದು ಕಥೆ, ನಾಯಕಿ ಹೆಸರು ಮಾತ್ರ. ಇದಕ್ಕೆ ರೋಗ ಅನ್ನಲ್ಲ. ದಿನಾ ಓಡಾಡೋ ದಾರಿ ತಪ್ಪೋದು, ಈಗ ತಾನೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳೋದು, ಮೊದಲು ಸಲೀಸಾಗಿ ಮಾಡ್ತಿದ್ದ ಲೆಕ್ಕಾಚಾರದಲ್ಲಿ ಗೊಂದಲ ಆಗೋದು, ಇಂಥದ್ದು ಶುರುವಾಗಿದ್ರೆ ಡಾಕ್ಟರ್ ಹತ್ರ ಹೋಗಿ, ಇಲ್ಲಾಂದ್ರೆ ಆರಾಮಾಗಿರಿ. ನಾನು ಮೂವತ್ತು ವರ್ಷ ಕಾಲೇಜಲ್ಲಿ ನೆನಪಿನ ಮನಃಶಾಸ್ತ್ರನೇ ಪಾಠ ಮಾಡಿದವನು, ನನಗೂ ಹೋದ ವರ್ಷ ಓದಿದ ಅರ್ಧ ಪುಸ್ತಕಗಳ ಪಾತ್ರಗಳು ಮುಖ ಇಲ್ಲದ ನೆಂಟರ ಥರ ಆಗಿದಾರೆ.

ನಿಮಗಿಂತ ಜಾಸ್ತಿ ಮರೀತಿದ್ದವನು ಒಬ್ಬ ಇದ್ದ, ಹದಿನಾರನೇ ಶತಮಾನದ ಫ್ರಾನ್ಸಿನ ಮಾಂಟೇನ್. ಪ್ರಬಂಧ ಅನ್ನೋ ಬರವಣಿಗೆ ಜಾತಿನೇ ಶುರುವಾಗಿದ್ದು ಅವನಿಂದ ಅಂತಾರೆ, 1580ರಲ್ಲಿ ಅವನ ಪ್ರಬಂಧಗಳ ಮೊದಲ ಪುಸ್ತಕ ಬಂತು. ಅಂಥವನೇ ಒಪ್ಕೋತಾನೆ, ಕೆಲವು ವರ್ಷ ಹಿಂದೆ ಜೋಪಾನವಾಗಿ ಓದಿ, ಅಂಚಲ್ಲೆಲ್ಲಾ ಗೀಚಿದ್ದ ಪುಸ್ತಕವನ್ನೇ ಹೊಸದು ಅಂದ್ಕೊಂಡು ಮತ್ತೆ ಕೈಗೆತ್ತಿಕೊಂಡಿದ್ದು ಒಂದಕ್ಕಿಂತ ಹೆಚ್ಚು ಸಲ ಆಗಿದೆ ಅಂತ. ಅವನು ಇದಕ್ಕೆ ಮಾಡ್ಕೊಂಡ ಉಪಾಯ ಏನು ಗೊತ್ತಾ, ಪುಸ್ತಕ ಮುಗಿದ ತಕ್ಷಣ ಅದರ ಕೊನೆಯಲ್ಲೇ ಓದಿ ಮುಗಿಸಿದ ಕಾಲ ಹಾಕಿ, ಇಡೀ ಪುಸ್ತಕದ ಬಗ್ಗೆ ತನಗೆ ಏನನ್ನಿಸ್ತು ಅನ್ನೋದನ್ನ ಬರೆದಿಡೋದು. ಕಥೆ ಏನು ಅಂತಲ್ಲ, ತನಗೆ ಏನನ್ನಿಸ್ತು ಅಂತ. ನಾನು ನಿಮಗೆ ಹೇಳೋಕೆ ಹೊರಟಿರೋದು ಹೆಚ್ಚೂಕಮ್ಮಿ ಇಷ್ಟೇ, ಆದ್ರೆ ಯಾಕೆ ಅಂತ ಗೊತ್ತಿಲ್ದೆ ಮಾಡಿದ್ರೆ ಇದೂ ಮೂರನೇ ದಿನಕ್ಕೆ ನಿಲ್ಲತ್ತೆ, ಅದಕ್ಕೆ ಸ್ವಲ್ಪ ಉದ್ದ ಹೇಳ್ತೀನಿ.

ಸಾರಾಂಶ ಯಾಕೆ ಬೇಡ ಅಂದ್ರೆ ಅದು ಕಳೆದುಹೋಗೋ ವಸ್ತು ಅಲ್ಲ. ಕಥೆ ಪುಸ್ತಕದಲ್ಲೇ ಇದೆ, ಇನ್ನೂ ಹತ್ತು ಕಡೆ ಸಿಗತ್ತೆ, ಯಾವಾಗ ಬೇಕಾದ್ರೂ ಹುಡುಕ್ಕೋಬಹುದು. ಎಲ್ಲೂ ಸಿಗದೆ ಇರೋದು ಆ ಪುಸ್ತಕ ಓದ್ತಿದ್ದಾಗಿನ ನೀವು. ನನ್ನ ಹಳೇ ನೋಟ್‌ಬುಕ್ ಒಂದರಲ್ಲಿ ಒಂದು ದಪ್ಪ ಕಾದಂಬರಿಗೆ ಎರಡೂವರೆ ಪುಟ ಸಾರಾಂಶ ಬರ್ದಿದೀನಿ, ಪಾತ್ರಗಳ ವಂಶವೃಕ್ಷ ಕೂಡ ಇದೆ, ಈಗ ಓದಿದ್ರೆ ಪರೀಕ್ಷೆ ಗೈಡ್ ಓದಿದ ಹಾಗಾಗತ್ತೆ, ಒಂದು ಚೂರೂ ಏನೂ ಅಲುಗಾಡಲ್ಲ. ಅದೇ ಪುಟದ ಅಂಚಲ್ಲಿ ಅಡ್ಡಡ್ಡ ಬರೆದ ಮೂರು ಸಾಲಿದೆ: 'ಕಾರಿಡಾರಿನ ಕೊನೇ ಟ್ಯೂಬ್‌ಲೈಟ್ ಮಿಣಮಿಣ ಅಂತಿದೆ. 212ನೇ ಪುಟ ನಾಲ್ಕನೇ ಸಲ ಓದ್ತಿದೀನಿ. ಅಪ್ಪನ್ನ ಒಳಗೆ ಕರ್ಕೊಂಡು ಹೋಗಿ ಎರಡು ಗಂಟೆ ಆಯ್ತು.' ಇಷ್ಟು ಓದಿದ್ದೇ ತಡ, ಆ ಪ್ಲಾಸ್ಟಿಕ್ ಕುರ್ಚಿ, ಪಕ್ಕದಲ್ಲಿ ಕೂತು ನಿದ್ದೆ ಮಾಡ್ತಿದ್ದ ಹೆಂಗಸಿನ ಕೈಲಿದ್ದ ಎಕ್ಸರೇ ಕವರು, ಅದು ಜಾರಿ ಬೀಳತ್ತೇನೋ ಅಂತ ನಾನು ನೋಡ್ತಾ ಇದ್ದಿದ್ದು, ಕೊನೆಗೆ 212ನೇ ಪುಟದಲ್ಲಿ ಏನಿತ್ತು ಅನ್ನೋದೂ ಸೇರಿ ಬರತ್ತೆ. ವಂಶವೃಕ್ಷ ಕೊಡಲಾರದ್ದನ್ನ ಒಂದು ಕೆಟ್ಟ ಟ್ಯೂಬ್‌ಲೈಟು ಕೊಡ್ತು.

ಇದು ನನ್ನೊಬ್ಬನ ಕಥೆ ಅಲ್ಲ. ನೆದರ್ಲೆಂಡ್ಸಿನ ಮನಃಶಾಸ್ತ್ರಜ್ಞ ವಿಲ್ಲೆಮ್ ವಾಗೆನಾರ್ ಆರು ವರ್ಷ ತನ್ನ ಮೇಲೇ ಒಂದು ಪ್ರಯೋಗ ಮಾಡ್ಕೊಂಡ, 1986ರಲ್ಲಿ ಪ್ರಕಟ ಆಯ್ತು. ದಿನದ ಘಟನೆಗಳನ್ನ ಬರೆದಿಡ್ತಾ ಹೋದ, ಒಟ್ಟು ಸುಮಾರು 2400, ಪ್ರತಿಯೊಂದಕ್ಕೂ ಏನು, ಯಾರು, ಎಲ್ಲಿ, ಯಾವಾಗ ಅಂತ ಬೇರೆ ಬೇರೆಯಾಗಿ. ಆಮೇಲೆ ಒಂದೊಂದೇ ಸುಳಿವು ತೆರೆದು ಮಿಕ್ಕಿದ್ದು ನೆನಪಾಗತ್ತಾ ಅಂತ ನೋಡಿದ. 'ಏನು' ಅನ್ನೋ ಸುಳಿವು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡ್ತು, 'ಯಾರು', 'ಎಲ್ಲಿ' ಪರವಾಗಿಲ್ಲ, 'ಯಾವಾಗ' ಅನ್ನೋದೊಂದೇ ಕೊಟ್ರೆ ಹೆಚ್ಚೂಕಮ್ಮಿ ದಂಡ. ಇನ್ನೊಂದು ವಿಷ್ಯ ನನಗೆ ಬಹಳ ಹಿಡಿಸಿದ್ದು: ಎಲ್ಲಾ ಸುಳಿವು ಕೊಟ್ರೂ ಪೂರ್ತಿ ಅಳಿಸಿಹೋಗಿದೆ ಅನ್ನಿಸಿದ ಕೆಲವು ಘಟನೆಗಳಿಗೆ, ಆ ಹೊತ್ತಲ್ಲಿ ಜೊತೆಗಿದ್ದವರನ್ನ ಹುಡುಕಿ ಕೇಳಿದ, ಅವರು ಒಂದೆರಡು ಹೊಸ ವಿವರ ಹೇಳಿದ್ದೇ ಇವನಿಗೂ ಬಂದುಬಿಡ್ತು. ಅಂದ್ರೆ ಬಾವೀಲಿ ನೀರಿತ್ತು, ಹಗ್ಗ ಮಾತ್ರ ಇರಲಿಲ್ಲ. ನಾವು ಬರೆದಿಡ್ಬೇಕಾಗಿರೋದು ಆ ಹಗ್ಗನ. ಡೈರಿ ಅಂದ್ರೆ ಎಲ್ಲರೂ ದೊಡ್ಡದಾಗಿ ತಾರೀಖು ಹಾಕಿ 'ಬೆಳಗ್ಗೆ 6ಕ್ಕೆ ಎದ್ದೆ, 7ಕ್ಕೆ ಹೊರಟೆ' ಅಂತ ಶುರು ಮಾಡ್ತೀವಲ್ಲ, ಅದು ಇರೋದ್ರಲ್ಲೇ ತೀರಾ ಸವೆದಿರೋ ಹಗ್ಗ. ತಾರೀಖು ಹಾಕಿ, ಬೇಡ ಅನ್ನಲ್ಲ, ಮೂಲೇಲಿ ಸಣ್ಣದಾಗಿ ಹಾಕಿ.

ಈಗ ಯಾವಾಗ ಬರೀಬೇಕು ಅನ್ನೋದು. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ 1885ರಲ್ಲಿ ಮರೆವನ್ನ ಅಳತೆ ಮಾಡಿ ತೋರಿಸಿದ, ಅವನೂ ಪಾಪ ತನ್ನ ಮೇಲೇ ಮಾಡ್ಕೊಂಡಿದ್ದು, ಅರ್ಥವೇ ಇಲ್ಲದ ಅಕ್ಷರದ ತುಣುಕುಗಳನ್ನ ಬಾಯಿಪಾಠ ಮಾಡೋದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಲಿಯೋದು, ಎರಡನೇ ಸಲ ಎಷ್ಟು ಶ್ರಮ ಉಳೀತು ಅಂತ ಲೆಕ್ಕ ಹಾಕೋದು. ಒಂದು ಗಂಟೆ ಬಿಟ್ಟು ನೋಡಿದ್ರೆ ಉಳಿತಾಯ ಸುಮಾರು 44 ಪರ್ಸೆಂಟ್, ಒಂದು ದಿನಕ್ಕೆ 34ರ ಹತ್ರ, ಒಂದು ತಿಂಗಳಿಗೆ 21. ನೀವು ಓದೋ ಕಾದಂಬರಿಗೆ ಅರ್ಥ ಇರೋದ್ರಿಂದ ಅದು ಇಷ್ಟು ಬೇಗ ಸೋರಲ್ಲ, ಅಂಕಿ ಬಿಡಿ, ಆಕಾರ ನೋಡಿ: ಮೊದಲನೇ ದಿನ ಧಡಾರ್ ಅಂತ ಬೀಳತ್ತೆ, ಆಮೇಲೆ ನಿಧಾನ. ಹಾಗಾಗಿ 'ಮುಂದಿನ ತಿಂಗಳು ರಜೆ ಇದೆ, ಆಗ ಕೂತು ನೀಟಾಗಿ ಬರೀತೀನಿ' ಅನ್ನೋದು ಹಾಲು ಉಕ್ಕಿ ಹೋದ್ಮೇಲೆ ಸ್ಟವ್ ಆಫ್ ಮಾಡಿದ ಹಾಗೆ. ಮುಗಿಸಿದ ದಿನ ಇಲ್ಲಾ ಮಾರನೇ ದಿನ, ಅಷ್ಟರೊಳಗೆ ಐದು ಸಾಲು ಬಿದ್ದಿರಬೇಕು, ನೀಟಾಗಿರೋದು ಬೇಕಿಲ್ಲ.

ಮತ್ತೆ ಪುಸ್ತಕ ಮುಚ್ಚಿಟ್ಟು ಬರೀರಿ, ಇದು ಮುಖ್ಯ. ಪಕ್ಕದಲ್ಲಿ ತೆರೆದಿಟ್ಕೊಂಡ್ರೆ ಕೈ ತಾನಾಗೇ ಕಾಪಿ ಹೊಡಿಯತ್ತೆ, ಸಾರಾಂಶ ಹುಟ್ಟೋದೇ ಅಲ್ಲಿ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಸಣ್ಣ ಗದ್ಯಭಾಗ ಕೊಟ್ಟು, ಒಂದು ಸಲ ಓದಿಸಿ, ಆಮೇಲೆ ಅದನ್ನೇ ಇನ್ನೊಂದು ಸಲ ಓದಿಸೋದು ಒಂದು ಥರ, ನೋಡದೇ ನೆನಪಿಂದ ಬರೆಸೋದು ಇನ್ನೊಂದು ಥರ ಅಂತ ಹೋಲಿಸಿ ನೋಡಿದ್ರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಓದಿದ್ದೇ ಗೆದ್ದಿತ್ತು, ಅದು 81 ಪರ್ಸೆಂಟ್, ನೆನಪಿಂದ ಬರೆದಿದ್ದು 75. ಒಂದು ವಾರ ಬಿಟ್ಟು ನೋಡಿದ್ರೆ ಉಲ್ಟಾ, ನೆನಪಿಂದ ಬರೆದಿದ್ದು 56 ಪರ್ಸೆಂಟ್ ಉಳಿದಿತ್ತು, ಮತ್ತೆ ಓದಿದ್ದು 42. ತಿಣುಕಿ ತಿಣುಕಿ ನೆನಪು ಮಾಡ್ಕೋತೀವಲ್ಲ, ಆ ತಿಣುಕಾಟನೇ ಔಷಧಿ. ಐದು ನಿಮಿಷ ಏನೂ ಬರದೆ ಪೆನ್ನು ಕಚ್ಕೊಂಡು ಕೂತಿದ್ರೆ ಅದು ವೇಸ್ಟ್ ಆದ ಐದು ನಿಮಿಷ ಅಲ್ಲ.

ನೆನಪಿಂದ ಬರೆದ್ರೆ ತಪ್ಪಾಗಲ್ವಾ ಅಂತೀರಾ, ಆಗತ್ತೆ, ಖಂಡಿತ ಆಗತ್ತೆ, ಮಜಾ ಇರೋದೇ ಅಲ್ಲಿ. ಇಂಗ್ಲೆಂಡಿನ ಫ್ರೆಡರಿಕ್ ಬಾರ್ಟ್ಲೆಟ್ 1932ರ ತನ್ನ ಪುಸ್ತಕದಲ್ಲಿ ಒಂದು ಪ್ರಯೋಗ ಹೇಳ್ತಾನೆ, ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ವಿಚಿತ್ರ ದೆವ್ವದ ಕಥೇನ ಇಂಗ್ಲಿಷರಿಗೆ ಓದಿಸಿ, ಆಮೇಲೆ ನೆನಪಿಂದ ಹೇಳಿಸಿದ. ಓದಿದವರ ಬಾಯಲ್ಲಿ ಮೂಲದ ಕಿರುದೋಣಿ ಮಾಮೂಲಿ ಬೋಟಾಯ್ತು, ಸೀಲ್ ಬೇಟೆ ಮೀನು ಹಿಡಿಯೋದಾಯ್ತು, ಅರ್ಥ ಆಗದ ದೆವ್ವದ ಭಾಗ ಕೆಲವರಲ್ಲಿ ಮಾಯವೇ ಆಯ್ತು. ಯಾರೂ ಬೇಕಂತ ಸುಳ್ಳು ಹೇಳಿಲ್ಲ, ಮನಸ್ಸು ತನಗೆ ಗೊತ್ತಿರೋ ಅಚ್ಚಿಗೆ ಕಥೇನ ಸುರಿದುಕೊಳ್ತು ಅಷ್ಟೇ. ಹಾಗಾಗಿ ನೀವು ಬರೆದು ಮುಗಿಸಿದ ಮೇಲೆ ಪುಸ್ತಕ ತೆಗೆದು ನೋಡಿ, ತಪ್ಪಿದ್ರೆ ಅಳಿಸಬೇಡಿ, ಕೆಳಗೆ 'ಅಯ್ಯೋ, ಅವನು ಸತ್ತಿಲ್ಲ, ಊರು ಬಿಟ್ಟು ಹೋದ ಅಷ್ಟೇ' ಅಂತ ಹಾಕಿ. ಅವನನ್ನ ನಿಮ್ಮ ತಲೆ ಯಾಕೆ ಸಾಯಿಸ್ತು ಅನ್ನೋದು ಆ ಕಾದಂಬರಿ ಬಗ್ಗೆ ನೀವು ಬರೀಬಹುದಾದ ಎಲ್ಲಕ್ಕಿಂತ ಒಳ್ಳೇ ವಿಷ್ಯ ಆಗಿರಬಹುದು. ಇದನ್ನ ಯಾವ ವಿಮರ್ಶಕನೂ ನಿಮ್ಮ ಪರವಾಗಿ ಬರೆಯೋಕಾಗಲ್ಲ. (ಐದಕ್ಕೆ ಇಷ್ಟು ಸ್ಟಾರ್ ಅಂತ ಕೊಟ್ಟು ಮುಗಿಸೋದಿದ್ಯಲ್ಲ, ಅದರ ಮೇಲೆ ನನಗೆ ಕೋಪ ಏನಿಲ್ಲ, ಆದ್ರೆ ಹತ್ತು ವರ್ಷ ಆದ್ಮೇಲೆ ನಾಲ್ಕು ಸ್ಟಾರ್ ನೋಡಿ ನಿಮಗೆ ಏನು ಕಾಣತ್ತೆ ಹೇಳಿ. ವರ್ಷಕ್ಕೆ ಐವತ್ತು ಪುಸ್ತಕ ಅನ್ನೋ ಚಾಲೆಂಜಿನ ಮೇಲೆ ಮಾತ್ರ ಸ್ವಲ್ಪ ಕೋಪ ಇದೆ, ಅದು ಬೇರೆ ವಿಷ್ಯ.)

ಪ್ರವಾಸಕ್ಕೆ ಬರೋಣ. ಟೈಮ್‌ಟೇಬಲ್ ಆಗತ್ತೆ ಅಂತ ಬೇಜಾರು ಮಾಡ್ಕೊಂಡಿದೀರ, ನಾನು ಹೇಳೋದು, ಟೈಮ್‌ಟೇಬಲ್ಲೂ ಬರೀರಿ, ಆದ್ರೆ ಬೇರೆ ಕಡೆ. ಜಪಾನಿನ ಕವಿ ಬಾಶೋ 1689ರಲ್ಲಿ ದೇಶದ ಉತ್ತರಕ್ಕೆ ಹೆಚ್ಚಾಗಿ ನಡ್ಕೊಂಡೇ ಸುಮಾರು ಐದು ತಿಂಗಳು ತಿರುಗಾಡಿ ಬಂದ, ಅದರ ಬಗ್ಗೆ ಬರೆದ ಪುಸ್ತಕ ತೀರಾ ತೆಳ್ಳಗಿನದ್ದು, ಅದನ್ನೇ ತಿದ್ದಿ ತಿದ್ದಿ ವರ್ಷಗಟ್ಟಲೆ ಕೂತಿದ್ದ. ಜೊತೆಗೆ ಹೋಗಿದ್ದ ಶಿಷ್ಯ ಸೋರಾ ತನ್ನ ಪಾಡಿಗೆ ಒಂದು ಡೈರಿ ಇಟ್ಟಿದ್ದ, ಯಾವ ದಿನ ಎಲ್ಲಿ ಉಳ್ಕೊಂಡ್ರು, ಎಷ್ಟು ದೂರ ನಡೆದ್ರು, ಮಳೆ ಬಂತಾ ಅಂತೆಲ್ಲ. ಅದು ಲೋಕಕ್ಕೆ ಗೊತ್ತಾಗಿದ್ದು 1943ರಲ್ಲಿ, ನೋಡಿದ್ರೆ ಗುರುವಿನ ಪುಸ್ತಕಕ್ಕೂ ಶಿಷ್ಯನ ಡೈರಿಗೂ ಎಷ್ಟೋ ಕಡೆ ತಾಳೆನೇ ಆಗಲ್ಲ. ಗುರು ತನಗೆ ಬೇಕಾದ ಹಾಗೆ ಜೋಡಿಸಿಕೊಂಡಿದ್ದ. ಇಬ್ಬರಲ್ಲಿ ಯಾರು ಸರಿ ಅಂತ ಕೇಳೋದೇ ತಪ್ಪು ಪ್ರಶ್ನೆ, ಎರಡು ಬೇರೆ ಕೆಲಸ ಅವು. ನಿಮ್ಮ ತೊಂದರೆ ಏನಂದ್ರೆ ಸೋರಾನ ಕೆಲಸವನ್ನೂ ಬಾಶೋನ ಕೆಲಸವನ್ನೂ ಒಂದೇ ಪುಟದಲ್ಲಿ, ಒಂದೇ ಸಲ ಕೂತು ಮಾಡೋಕೆ ಹೋಗ್ತಿದೀರ. ಬಸ್ಸು, ರೂಮು, ಖರ್ಚು ಎಲ್ಲಾ ಹಿಂದಿನ ಪುಟದಲ್ಲಿ ಪಟ್ಟಿ ಮಾಡಿಬಿಡಿ, ಎರಡು ನಿಮಿಷದ ಕೆಲಸ, ತಲೆ ಖಾಲಿಯಾಗತ್ತೆ. ಆಮೇಲೆ ಮುಂದಿನ ಪುಟಕ್ಕೆ ಬಂದು, ಆ ದಿನ ನೀವು ಅಂದ್ಕೊಂಡಿದ್ದಕ್ಕೂ ಆಗಿದ್ದಕ್ಕೂ ಎಲ್ಲಿ ಹೊಂದಲಿಲ್ಲವೋ ಅದೊಂದನ್ನ ಬರೀರಿ. ಅಷ್ಟು ದೂರದಿಂದ ನೋಡೋಕೆ ಬಂದ ಜಲಪಾತದ ಮುಂದೆ ನಿಂತಾಗ ಮನಸ್ಸಲ್ಲಿ ಓಡ್ತಿದ್ದಿದ್ದು ಗ್ಯಾಸ್ ಆಫ್ ಮಾಡಿದೀನಾ ಅನ್ನೋದು, ಅಂತ ಇದ್ರೆ ಅದನ್ನೇ ಬರೀರಿ, ಜಲಪಾತದ ಎತ್ತರ ಎಷ್ಟು ಅಡಿ ಅನ್ನೋದು ಬೋರ್ಡಲ್ಲಿರತ್ತೆ. ಮಾಂಟೇನ್ ಕೂಡ 1580-81ರಲ್ಲಿ ಇಟಲಿ ತನಕ ಹೋಗಿ ಬಂದ, ಆ ಪ್ರಯಾಣದ ಡೈರಿ ಸುಮಾರು ಇನ್ನೂರು ವರ್ಷ ಒಂದು ಪೆಟ್ಟಿಗೇಲಿ ಬಿದ್ದಿತ್ತು, 1774ರಲ್ಲಿ ಅಚ್ಚಾಯ್ತು. ಅದರಲ್ಲಿ ದೊಡ್ಡ ದೊಡ್ಡ ಸ್ಮಾರಕದ ಜೊತೆಜೊತೆಗೇ ಹಾಸಿಗೆ ಹೇಗಿತ್ತು, ಕೋಣೆ ಬೆಚ್ಚಗಿಡೋಕೆ ಯಾವ ಥರ ಒಲೆ ಇತ್ತು, ತನ್ನ ಕಿಡ್ನಿ ಕಲ್ಲು ಎಷ್ಟು ಕಾಟ ಕೊಡ್ತು ಅನ್ನೋದೆಲ್ಲ ಇದೆ. ಆ ಸ್ಮಾರಕಗಳ ಬಗ್ಗೆ ಬರೆದವರು ಲೆಕ್ಕ ಇಲ್ಲದಷ್ಟು ಜನ, ಆ ಕಿಡ್ನಿ ಕಲ್ಲಿನ ಬಗ್ಗೆ ಬರೆಯೋಕೆ ಒಬ್ಬನೇ ಇದ್ದಿದ್ದು.

ಫೋಟೋ ಬಗ್ಗೆ ಒಂದು ಮಾತು. 2014ರಲ್ಲಿ ಲಿಂಡಾ ಹೆಂಕೆಲ್ ಅನ್ನೋ ಸಂಶೋಧಕಿ ವಿದ್ಯಾರ್ಥಿಗಳನ್ನ ಮ್ಯೂಸಿಯಮ್ಮಿಗೆ ಕರ್ಕೊಂಡು ಹೋಗಿ ಕೆಲವು ವಸ್ತುಗಳನ್ನ ಸುಮ್ನೆ ನೋಡಿ, ಕೆಲವುದರ ಫೋಟೋ ತೆಗೀರಿ ಅಂದ್ರು. ಮಾರನೇ ದಿನ ಕೇಳಿದ್ರೆ ಫೋಟೋ ತೆಗೆದ ವಸ್ತುಗಳೇ ಕಮ್ಮಿ ನೆನಪಿದ್ವು, ಕ್ಯಾಮೆರಾ ಇಟ್ಕೊಂಡಿದೆ ಅಲ್ವಾ ನನಗ್ಯಾಕೆ ಅಂತ ತಲೆ ಕೈಬಿಟ್ಟ ಹಾಗೆ. ಆದ್ರೆ ವಸ್ತುವಿನ ಯಾವುದೋ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆಸಿದಾಗ ಈ ನಷ್ಟ ಆಗ್ಲಿಲ್ಲ. ಬರವಣಿಗೆಗೂ ಇದೇ ಬುದ್ಧಿ ಓಡಿಸಿ, ಇಡೀ ಕೋಟೆ ಬೇಡ, ಒಂದು ಬಾಗಿಲ ಚಿಲಕ ಸಾಕು, ಅದರ ಮುಂದೆ ಹತ್ತು ನಿಮಿಷ ನಿಂತ್ಕೊಳ್ಳಿ, ಕೈ ಮುಟ್ಟಿ ಮುಟ್ಟಿ ಎಲ್ಲಿ ಹೊಳಪು ಬಂದಿದೆ, ಎಲ್ಲಿ ತುಕ್ಕು ಉಳಿದಿದೆ ನೋಡಿ.

ಇನ್ನು ದಿನದ ಬದುಕು. ಇದೇ ಕಷ್ಟದ್ದು, ಮೂರನೇ ದಿನಕ್ಕೆ ನಿಲ್ಲೋದೂ ಇದೇ, ಯಾಕಂದ್ರೆ ಮೂರನೇ ದಿನವೂ ಮೊದಲನೇ ದಿನದ ಥರನೇ ಇರತ್ತೆ, 'ನಿನ್ನೆ ಬರ್ದಿದ್ದೇ ಇವತ್ತೂ' ಅನ್ನಿಸಿ ಪೆನ್ನು ಕೆಳಗಿಡ್ತೀರ. ಮರಿಗೋಲ್ಡ್ ಲಿಂಟನ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞೆ 1972ರಿಂದ ಆರು ವರ್ಷ, ದಿನಕ್ಕೆ ಕಮ್ಮಿ ಅಂದ್ರೂ ಎರಡು ಘಟನೆ ಕಾರ್ಡಲ್ಲಿ ಬರೆದಿಟ್ಟು ತಿಂಗಳಿಗೊಮ್ಮೆ ತನ್ನನ್ನೇ ಪರೀಕ್ಷೆ ಮಾಡ್ಕೊಂಡಳು. ಅವಳಿಗೆ ಎರಡು ಥರದ ಮರೆವು ಕಂಡ್ತು. ಒಂದು, ಮತ್ತೆ ಮತ್ತೆ ಆಗೋ ಘಟನೆಗಳು, ಮೀಟಿಂಗಿಗೆ ಹೋದ ಹಾಗೆ, ಒಂದರೊಳಗೊಂದು ಕರಗಿ ಒಂದೇ ಮುದ್ದೆಯಾಗೋದು, ಮೀಟಿಂಗ್ ಅಂದ್ರೆ ಹೀಗಿರತ್ತೆ ಅಂತ ಗೊತ್ತು, ಆದ್ರೆ ಮೂರನೇದು ಯಾವುದು ಏಳನೇದು ಯಾವುದು ಗೊತ್ತಿಲ್ಲ. ಇನ್ನೊಂದು, ತಾನೇ ಬರೆದ ಕಾರ್ಡ್ ಓದಿದ್ರೂ ಇದು ಯಾವುದಪ್ಪಾ ಅಂತ ತಲೆಬುಡ ತಿಳೀದೆ ಇರೋದು. ಎರಡನೇದಕ್ಕೆ ಔಷಧಿ ಟ್ಯೂಬ್‌ಲೈಟ್, ಆಗ್ಲೇ ಹೇಳಿದೆ. ಮೊದಲನೇದಕ್ಕೆ ನಾನು ಮಾಡೋದು ಹೀಗೆ: ದಿನಾ ಬರೆಯಲ್ಲ, ವಾರಕ್ಕೊಂದು ಸಲ ಬರೀತೀನಿ, ಬರೆಯೋದು ಆ ವಾರದ ವಿಶೇಷ ಅಲ್ಲ, ದಿನಾ ನಡಿಯೋ ಒಂದೇ ಒಂದು ಸಣ್ಣ ಕೆಲಸ, ಅದು ಹೇಗೆ ನಡಿಯತ್ತೆ ಅಂತ ಶುರುವಿಂದ ಕೊನೇವರೆಗೆ. ಒಂದು ವಾರ, ಬೆಳಗ್ಗೆ ಮನೆಯಲ್ಲಿ ಮೊದಲು ಯಾವ ಸದ್ದು ಆಗತ್ತೆ, ಆಮೇಲೆ ಯಾವುದು. ಇನ್ನೊಂದು ವಾರ, ಅಮ್ಮ ಹೊರಗಡೆ ಹೊರಡೋದು: ಚಪ್ಪಲಿ ಹಾಕ್ಕೊಂಡು, ಬೀಗ ಹಾಕಿ, ಬೀಗ ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ವಾಪಸ್ ಬಂದು ಮತ್ತೆ ಎಳೆದು ನೋಡಿ, ನಾನು ನಗ್ತಿದೀನಾ ಅಂತ ತಿರುಗಿ ನೋಡೋದು. ಇದನ್ನ ಬರೆದಾಗ ಒಂದು ಪುಟ ದಂಡ ಮಾಡಿದೆ ಅನ್ನಿಸಿತ್ತು. ಈಗ ಅಮ್ಮ ಇಲ್ಲ, ಅವರ ಷಷ್ಟ್ಯಬ್ದಿ ಫೋಟೋ ಆಲ್ಬಮ್ ಕಪಾಟಿನ ಮೇಲಿದೆ, ನಾನು ತೆಗೆದು ನೋಡೋದು ಈ ಪುಟವನ್ನ.

ಯಾವುದು ಮುಂದೆ ಬೇಕಾಗತ್ತೆ ಅಂತ ಬರೆಯೋವಾಗ ಗೊತ್ತಾಗಲ್ಲ ಅನ್ನೋದಕ್ಕೆ ಸ್ಯಾಮ್ಯುಯೆಲ್ ಪೀಪ್ಸ್ ಇದಾನೆ, ಲಂಡನ್ನಿನ ಸರ್ಕಾರಿ ಅಧಿಕಾರಿ, 1660ರಿಂದ 1669ರವರೆಗೆ ಶಾರ್ಟ್‌ಹ್ಯಾಂಡಲ್ಲಿ ಹತ್ತು ಲಕ್ಷಕ್ಕೂ ಮೀರಿದ ಪದಗಳ ಡೈರಿ ಬರೆದ. 1666ರಲ್ಲಿ ಲಂಡನ್ ಹೊತ್ತಿ ಉರೀತಿದ್ದಾಗ ಅವನು ಹಿತ್ತಲಲ್ಲಿ ಗುಂಡಿ ತೋಡಿ ತನ್ನ ವೈನನ್ನೂ ಪಾರ್ಮೆಸಾನ್ ಚೀಸನ್ನೂ ಹೂತಿಟ್ಟ, ಅದನ್ನ ಬರೆದೂ ಇಟ್ಟ. ಆ ಬೆಂಕಿ ಬಗ್ಗೆ ಓದಿದ ನನಗೆ ಎಷ್ಟು ಮನೆ, ಎಷ್ಟು ಚರ್ಚು ಸುಟ್ಟಿತು ಅನ್ನೋ ಲೆಕ್ಕ ಪ್ರತಿ ಸಲ ಮರ್ತೋಗತ್ತೆ, ಚೀಸ್ ಮರೆತಿಲ್ಲ. ಅವನು ಬರೆಯೋದು ನಿಲ್ಲಿಸಿದ್ದೂ ಸಾಮಾನ್ಯ ಕಾರಣಕ್ಕೇ, ಕಣ್ಣು ಪೂರ್ತಿ ಹೋಗಿಬಿಡತ್ತೆ ಅನ್ನೋ ಭಯಕ್ಕೆ. ಕಣ್ಣೇನೂ ಹೋಗ್ಲಿಲ್ಲ, ಇನ್ನೂ ಮೂವತ್ನಾಲ್ಕು ವರ್ಷ ಬದುಕಿದ, ಆದ್ರೆ ಆ ಡೈರಿ ಮುಂದುವರೀಲಿಲ್ಲ. ನೀವು ಮೂರನೇ ದಿನಕ್ಕೆ ನಿಲ್ಲಿಸಿದ್ರೆ ಹನ್ನೊಂದನೇ ದಿನ ಮತ್ತೆ ಶುರು ಮಾಡಿ, ಮಧ್ಯದ ಏಳು ದಿನಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ, 'ಕ್ಷಮಿಸಿ, ಬಿಜಿ ಇದ್ದೆ' ಅಂತ ಡೈರಿಗೇ ಸಾರಿ ಕೇಳೋ ಪುಟಗಳು ನನ್ನತ್ರ ಬೇಕಾದಷ್ಟಿವೆ, ಓದೋಕೆ ಅಷ್ಟು ಬೋರಾಗೋ ಪುಟ ಬೇರೆ ಇಲ್ಲ.

ಕೊನೆಗೆ ನಿಮ್ಮ ಆ ಕಾದಂಬರಿ. ಮತ್ತೆ ಓದೋಕೆ ಹೋಗ್ಬೇಡಿ ಈಗಲೇ. ಮೊದಲು ಒಂದು ಹಾಳೆ ತಗೊಂಡು ನಿಮ್ಮತ್ರ ಏನು ಉಳಿದಿದೆಯೋ ಅಷ್ಟೇ ಬರೀರಿ, ಮುಖಪುಟ ಯಾವ ಬಣ್ಣ, ಯಾರು ಕೊಟ್ಟಿದ್ದು, ಎಲ್ಲಿ ಕೂತು ಓದಿದ್ದು, ಯಾವ ಭಾಗದಲ್ಲಿ ಪುಸ್ತಕ ಎದೆ ಮೇಲಿಟ್ಕೊಂಡು ಫ್ಯಾನ್ ನೋಡ್ತಾ ಮಲಗಿದ್ರಿ. ನಾಯಕಿ ಹೆಸರು ಬರಲಿಲ್ಲ ಅಂದ್ರೆ 'ಅವಳು' ಅಂತಲೇ ಬರೀರಿ. ಆ ಫ್ರೆಂಡಿಗೂ ಫೋನ್ ಮಾಡಿ, ನಾನು ಆಗ ಏನಂತ ಹೊಗಳಿದ್ದೆ ಅಂತ ಕೇಳಿ, ವಾಗೆನಾರ್ ಮಾಡಿದ್ದೂ ಅದೇ ಅಲ್ವಾ. ಆಮೇಲೆ ಬೇಕಿದ್ರೆ ಪುಸ್ತಕ ತೆಗೆದು ಕೊನೇ ಹಾಳೆ ನೋಡಿ, ಸಾಮಾನ್ಯವಾಗಿ ಖಾಲಿ ಬಿಟ್ಟಿರ್ತಾರೆ, ಬರೆದಿದ್ದನ್ನ ಅಲ್ಲಿಗೆ ಸಣ್ಣಕ್ಷರದಲ್ಲಿ ಇಳಿಸಿ. ಲೈಬ್ರರಿ ಪುಸ್ತಕ ಆಗಿದ್ರೆ ಮಾತ್ರ ಬೇಡ, ಚೀಟಿ ಇಡಿ.